ರಾಕೆಟ್ ಬಿದ್ದರೆ ದುಡ್ಡು ದಂಡವೇ?

2025ರ ಮೇ 18ರ ಬೆಳಿಗ್ಗೆ ಶ್ರೀಹರಿಕೋಟಾದಿಂದ ಏರಿದ ಇಸ್ರೋದ ಪಿಎಸ್‌ಎಲ್‌ವಿ-ಸಿ61 ರಾಕೆಟ್ ಮೂರನೇ ಹಂತದಲ್ಲಿ ಕೈಕೊಟ್ಟಿತು. 1,696 ಕೆ.ಜಿ. ತೂಕದ ಇಒಎಸ್-09 ಉಪಗ್ರಹ ಕಕ್ಷೆ ಸೇರಲಿಲ್ಲ. 2026ರ ಜನವರಿ 12ರಂದು ಹಾರಿದ ಸಿ62 ಕೂಡ ಅದೇ ಹಂತದಲ್ಲಿ ಎಡವಿತು. ಅದರ ಮುಖ್ಯ ಉಪಗ್ರಹ ‘ಅನ್ವೇಷಾ’ ಜತೆಗೆ 15 ಸಹಪ್ರಯಾಣಿಕ ಉಪಗ್ರಹಗಳೂ ಹೋದವು. ಎರಡು ಸಲವೂ ಒಂದು ಕಡೆಯಿಂದ ‘ತೆರಿಗೆ ದುಡ್ಡು ಸಮುದ್ರಪಾಲು’ ಎಂಬ ಗೊಣಗಾಟ, ಇನ್ನೊಂದು ಕಡೆಯಿಂದ ‘ಇಸ್ರೋ ಜತೆ ನಾವಿದ್ದೇವೆ’ ಎಂಬ ಘೋಷಣೆ. ಸರ್ಕಾರ ಈ ಕೆಲಸಕ್ಕೆ ಹೀಗೆಯೇ ಹಣ ಕೊಡುತ್ತ ಹೋಗಬೇಕೆ?

ಪರ: ಕೊಡಲೇಬೇಕು, ಬಿದ್ದ ಮೇಲಂತೂ

ಮೊದಲು ಲೆಕ್ಕ ನೋಡಿ. 2025–26ರ ಕೇಂದ್ರ ಬಜೆಟ್‌ನ ಗಾತ್ರ 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ಸಿಕ್ಕಿದ್ದು 13,416 ಕೋಟಿ. ಅಂದರೆ ನೂರು ರೂಪಾಯಿಗೆ 26 ಪೈಸೆ. ಇದನ್ನು ನಿಲ್ಲಿಸಿದರೆ ಶಾಲೆಗಳ ಸೋರುವ ಮಾಡು ರಿಪೇರಿಯಾಗುತ್ತದೆ ಎನ್ನುವವರು, ಉಳಿದ 99 ರೂಪಾಯಿ 74 ಪೈಸೆಯಲ್ಲಿ ಅದೇಕೆ ಆಗಲಿಲ್ಲ ಎಂದು ಮೊದಲು ಕೇಳಲಿ.

ಆ 26 ಪೈಸೆಯಿಂದ ಏನು ಸಿಕ್ಕಿದೆ? 1999ರ ಒಡಿಶಾ ಚಂಡಮಾರುತಕ್ಕೆ ಬಲಿಯಾದವರು ಸುಮಾರು 10 ಸಾವಿರ ಮಂದಿ. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಅಪ್ಪಳಿಸಿದಾಗ ಸಾವಿನ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಲಕ್ಷಾಂತರ ಜನರನ್ನು ಎಬ್ಬಿಸಿ ಸಾಗಿಸಿದ ಆಡಳಿತಕ್ಕೆ ಅದರ ಶ್ರೇಯ ಸಲ್ಲಬೇಕು, ನಿಜ. ಆದರೆ ಯಾವ ಊರನ್ನು, ಯಾವಾಗ ಖಾಲಿ ಮಾಡಿಸಬೇಕೆಂದು ತಿಳಿಯಲು ಮೇಲಿನಿಂದ ಬಂದ ಚಿತ್ರಗಳೂ ಬೇಕಿದ್ದವು. ಮೀನು ಎಲ್ಲಿ ಸಿಗಬಹುದೆಂದು ನಮ್ಮ ಕರಾವಳಿಯ ಬೋಟಿನವರಿಗೆ ಸಿಗುವ ಮುನ್ಸೂಚನೆಯ ಹಿಂದೆಯೂ ಉಪಗ್ರಹವೇ ಇದೆ.

ಈಗ ಕಳೆದುಕೊಂಡದ್ದನ್ನು ನೋಡಿ. ಇಒಎಸ್-09ರಲ್ಲಿ ಇದ್ದದ್ದು ರೇಡಾರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಕ್ಯಾಮೆರಾ ಇರುವ ಉಪಗ್ರಹ ಹಾದುಹೋದರೆ ಕಾಣುವುದು ಬರೀ ಮೋಡ. ರೇಡಾರ್ ಮೋಡವನ್ನೂ ದಾಟಿ ನೋಡುತ್ತದೆ, ರಾತ್ರಿಯಲ್ಲೂ ನೋಡುತ್ತದೆ. ಕೃಷ್ಣಾ ತೀರದಲ್ಲಿ ನೆರೆ ಬಂದಾಗ ಬೆಳಗಾವಿ, ಬಾಗಲಕೋಟೆಯ ಯಾವ ಹೊಲದವರೆಗೆ ನೀರು ನಿಂತಿದೆ ಎಂದು ಮಳೆ ಸುರಿಯುತ್ತಿರುವಾಗಲೇ ತಿಳಿಯಬೇಕಾದರೆ ಇಂಥದ್ದೇ ಬೇಕು. ಅದು ಬಿದ್ದುಹೋಯಿತೆಂದರೆ ಇನ್ನೊಂದನ್ನು ಬೇಗ ಕಟ್ಟಬೇಕು. ಬಿತ್ತೆಂಬ ಕಾರಣಕ್ಕೆ ಅದರ ಅಗತ್ಯವೇನೂ ಬಿದ್ದುಹೋಗಲಿಲ್ಲವಲ್ಲ!

ಇಸ್ರೋಗೆ ಬೀಳುವುದು ಹೊಸದೂ ಅಲ್ಲ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3ರ ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿ, ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಮರುವರ್ಷ ಜುಲೈನಲ್ಲಿ ಅದೇ ರಾಕೆಟ್ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಉಡುಪಿಯ ಅದಮಾರಿನ ಯು.ಆರ್. ರಾವ್ ಅಧ್ಯಕ್ಷರಾಗಿದ್ದಾಗ 1987ರಲ್ಲಿ ಎಎಸ್‌ಎಲ್‌ವಿ ಬಿತ್ತು, 1988ರಲ್ಲಿ ಮತ್ತೆ ಬಿತ್ತು, 1993ರಲ್ಲಿ ಮೊಟ್ಟಮೊದಲ ಪಿಎಸ್‌ಎಲ್‌ವಿಯೂ ಬಿತ್ತು. ಈಗಿನಂತೆ ಆಗಲೂ ಟೀಕೆಗೇನೂ ಬರವಿರಲಿಲ್ಲ. ಅದಕ್ಕೆ ಹೆದರಿ ಕೈಬಿಟ್ಟಿದ್ದರೆ 2008ರಲ್ಲಿ ಚಂದ್ರಯಾನ-1 ಅನ್ನು, 2013ರಲ್ಲಿ ಮಂಗಳಯಾನವನ್ನು ಹೊತ್ತೊಯ್ದ ಪಿಎಸ್‌ಎಲ್‌ವಿ ಇರುತ್ತಲೇ ಇರಲಿಲ್ಲ.

ವಿರೋಧ: ವರದಿ ಕೊಡದೆ ಹಣ ಕೇಳಬೇಡಿ

26 ಪೈಸೆಯ ಲೆಕ್ಕ ಸರಿಯೇ. ಆದರೆ ಕಡಿಮೆ ದುಡ್ಡು ಎಂದ ಮಾತ್ರಕ್ಕೆ ಲೆಕ್ಕ ಕೊಡಬೇಕಾಗಿಲ್ಲ ಎಂದಾಗುವುದಿಲ್ಲ. ಎಸ್‌ಎಲ್‌ವಿ ಬಿದ್ದ ಕಥೆಯನ್ನು ಪ್ರತಿ ಸೋಲಿನ ಮರುದಿನವೂ ಹೇಳುತ್ತ ಬಂದಿದ್ದೇವೆ. ಆಗ ರಾಕೆಟ್ ಹೊಸದು, ಕಲಿಯುವ ಕಾಲ. ಪಿಎಸ್‌ಎಲ್‌ವಿ ಹಾಗಲ್ಲ. ಮೂರು ದಶಕಗಳಿಂದ ಹಾರುತ್ತಿರುವ, ನೆಚ್ಚಿಕೊಳ್ಳಬಹುದಾದ ರಾಕೆಟ್ ಎಂದು ಜಗತ್ತಿಗೆ ನಾವೇ ಹೇಳಿಕೊಂಡದ್ದು.

ಅದರ ಮೂರನೇ ಹಂತ ಘನ ಇಂಧನದ್ದು. ರಬ್ಬರಿನಂತೆ ಗಟ್ಟಿಯಾದ ಇಂಧನಕ್ಕೆ ಒಮ್ಮೆ ಬೆಂಕಿ ಹೊತ್ತಿದರೆ ನಡುವೆ ಆರಿಸುವಂತಿಲ್ಲ, ಪೂರ್ತಿ ಉರಿದೇ ಮುಗಿಯಬೇಕು. ಒಳಗೆ ಒತ್ತಡ ನಿಂತರೆ ಮಾತ್ರ ತಳ್ಳುವ ಬಲ. ಸಿ61ರಲ್ಲಿ ಮೋಟರ್ ಕವಚದೊಳಗಿನ ಆ ಒತ್ತಡವೇ ಇಳಿಯಿತು ಎಂದು ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಅಂದೇ ಹೇಳಿದರು. ಇಳಿದದ್ದೇಕೆ? ಕವಚ ಸೋರಿತೇ, ನಳಿಕೆ ಕೆಟ್ಟಿತೇ, ತಯಾರಿಕೆಯಲ್ಲೇ ಹುಳುಕಿತ್ತೇ? ಸಮಿತಿ ಕೂತಿತು, ವರದಿ ಬರೆಯಿತು. ಸಿ62 ಹಾರುವ ತನಕವೂ ಅದು ಜನರ ಕೈಗೆ ಬರಲಿಲ್ಲ. ಎಂಟು ತಿಂಗಳು ಕಳೆದು ಅದೇ ರಾಕೆಟ್, ಅದೇ ಹಂತ, ಅದೇ ಗತಿ. ಈ ಸಲ ಮುಳುಗಿದ್ದು ಸರ್ಕಾರದ ಗಂಟು ಮಾತ್ರವಲ್ಲ. ಹೊಸ ಕಂಪನಿಗಳ, ಹೊರದೇಶದವರ ಪುಟ್ಟ ಉಪಗ್ರಹಗಳೂ ಅದರಲ್ಲಿದ್ದವು. ವರದಿ ಓದಿ, ಅಪಾಯ ಗೊತ್ತಿದ್ದು ಹತ್ತುವ ಅವಕಾಶ ಅವರಿಗೆ ಸಿಗಬೇಕಿತ್ತು.

ಇಸ್ರೋಗೆ ಇದು ಬಾರದ ವಿದ್ಯೆಯಲ್ಲ. 2021ರ ಆಗಸ್ಟ್‌ನಲ್ಲಿ ಜಿಎಸ್‌ಎಲ್‌ವಿ-ಎಫ್10 ರಾಕೆಟ್‌ನ ಕ್ರಯೋಜೆನಿಕ್ (ಅತಿ ಶೀತಲ ದ್ರವ ಇಂಧನದ) ಎಂಜಿನ್ ಹೊತ್ತಿಕೊಳ್ಳದಿದ್ದಾಗ, ಹೈಡ್ರೋಜನ್ ಟ್ಯಾಂಕಿನ ಕವಾಟವೊಂದು ಸೋರಿದ್ದನ್ನು ಅದೇ ಬಹಿರಂಗವಾಗಿ ಹೇಳಿತ್ತು. ಮರುವರ್ಷ ಎಸ್‌ಎಸ್‌ಎಲ್‌ವಿ ಎಂಬ ಪುಟ್ಟ ರಾಕೆಟ್ ಸೋತಾಗಲೂ ಕಾರಣವನ್ನು ವಿವರವಾಗಿ ತಿಳಿಸಿತ್ತು. ಹಾಗಾದರೆ ಈ ಸಲ ಬಾಯಿ ಕಟ್ಟಿದ್ದು ಯಾಕೆ?

ಇದರಲ್ಲಿ ನಮ್ಮ ಪಾಲೂ ಇದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಅಪ್ಪಳಿಸಿದಾಗ ಬೆಂಗಳೂರಿನಲ್ಲಿ ಪ್ರಧಾನಿ, ಆಗಿನ ಇಸ್ರೋ ಅಧ್ಯಕ್ಷ ಕೆ. ಶಿವನ್ ಅವರನ್ನು ಅಪ್ಪಿಕೊಂಡರು, ದೇಶವೇ ಕಣ್ಣೀರಿಟ್ಟಿತು. ಅದರಲ್ಲೇನೂ ತಪ್ಪಿಲ್ಲ. ಆದರೆ ಅಂದಿನಿಂದ ಕಾರಣ ಕೇಳಿದವರೆಲ್ಲ ದೇಶದ್ರೋಹಿಗಳಂತೆ ಕಾಣತೊಡಗಿದರು. ಜಿಪಿಎಸ್‌ನಂತೆ ದಾರಿ ತೋರಿಸುವ ನಮ್ಮದೇ ನಾವಿಕ್ ಉಪಗ್ರಹಗಳಲ್ಲಿ ಹಲವುಗಳ ಪರಮಾಣು ಗಡಿಯಾರಗಳು ಕೆಟ್ಟವು, 2025ರ ಜನವರಿಯಲ್ಲಿ ಹೋದ ಅದೇ ಸರಣಿಯ ಎನ್‌ವಿಎಸ್-02 ಉದ್ದೇಶಿತ ಕಕ್ಷೆಗೆ ಏರಲೇ ಇಲ್ಲ. ಬೆಂಗಳೂರಿನ ಆಟೊದವರು ಇಂದಿಗೂ ಅಮೆರಿಕದ ಜಿಪಿಎಸ್ ನಂಬಿಕೊಂಡೇ ಓಡಾಡುತ್ತಾರೆ. ಅದರ ಬಗ್ಗೆ ಯಾರು ಅತ್ತರು, ಯಾರು ಕೇಳಿದರು?

26 ಪೈಸೆಯ ಲೆಕ್ಕಕ್ಕೆ ಸಿಗದ ಬೆಲೆಯೂ ಇದೆ. ಚಳ್ಳಕೆರೆಯ ಅಮೃತಮಹಲ್ ಕಾವಲನ್ನು (ಮೇವಿನ ಹುಲ್ಲುಗಾವಲನ್ನು) ಇಸ್ರೋ ಸೇರಿದಂತೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹಂಚಿದಾಗ ಕುರಿ, ದನ ಮೇಯಿಸುವವರು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಯಿತು. ಅವರ ಹುಲ್ಲುಗಾವಲಿನ ಬೆಲೆ ಯಾವ ಬಜೆಟ್ ಪುಸ್ತಕದಲ್ಲೂ ಇಲ್ಲ.

ಸಿ61, ಸಿ62 ಎರಡರ ವರದಿಯೂ ಪೂರ್ತಿಯಾಗಿ ಸಂಸತ್ತಿನ ಮುಂದೆ ಬರಲಿ. ರಕ್ಷಣೆಯ ಗುಟ್ಟೇನಾದರೂ ಇದ್ದರೆ ಉಪಗ್ರಹದ ಭಾಗವನ್ನು ಮುಚ್ಚಿಡಲಿ, ಮೋಟರ್‌ನದ್ದನ್ನಲ್ಲ. ಅಲ್ಲಿಯ ತನಕ ಮುಂದಿನ ಪಿಎಸ್‌ಎಲ್‌ವಿಯ ದುಡ್ಡು ಬೊಕ್ಕಸದಲ್ಲೇ ಇರಲಿ.