ಲಿವರ್ ಎಸ್ಪ್ರೆಸೊ ಯಂತ್ರದ ದುರಸ್ತಿ: ಕ್ರೋಮ್ ಬಗ್ಗೆ ನನ್ನದೊಂದು ತಕರಾರು

ಹಿಡಿಕೆ (ಲಿವರ್) ಒತ್ತಿ ಎಸ್ಪ್ರೆಸೊ ಎಂಬ ಗಟ್ಟಿ ಕಾಫಿ ಇಳಿಸುವ ಮನೆಬಳಕೆಯ ಹಳೆಯ ಯಂತ್ರ ಕೈಗೆ ಬಂದ ಕೂಡಲೇ ಮೊದಲು ಅದಕ್ಕೆ ಹೊಸ ಕ್ರೋಮ್ ಪ್ಲೇಟಿಂಗ್ ಮಾಡಿಸಿ, ಒಳಗಿನ ಕೆಲಸವನ್ನು ಆಮೇಲೆ ನೋಡಿದರಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನೀರು, ಹಬೆ, ವಿದ್ಯುತ್ ಮೂರೂ ಒಂದೇ ಹಿತ್ತಾಳೆಯ ಡಬ್ಬಿಯಲ್ಲಿ ಕೂಡಿರುವ ಯಂತ್ರವಿದು. ಹೊರಗಿನ ಹೊಳಪಿಗೂ ಒಳಗಿನ ಆರೋಗ್ಯಕ್ಕೂ ಯಾವ ಸಂಬಂಧವೂ ಇಲ್ಲ. ಹೊಳಪು ಒಳಗಿನ ದೋಷವನ್ನು ಮುಚ್ಚಿಡುವುದೇ ಹೆಚ್ಚು. ಬೆಳಗಾವಿಯ ತಿಲಕವಾಡಿಯಲ್ಲಿರುವ ಗೆಳೆಯರೊಬ್ಬರಿಗೆ ಗೋವೆಯ ನೆಂಟರ ಹಳೆಯ ಮನೆಯಿಂದ ಬಂದ ಯಂತ್ರವೊಂದನ್ನು ನಾವಿಬ್ಬರೂ ಬಿಚ್ಚಿ ಸರಿಪಡಿಸಿದ ಮೇಲೆ ಈ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ. ಎತ್ತರದಿಂದ ಬಿದ್ದಿದ್ದ ಆ ಯಂತ್ರದ ತಳ ಸೊಟ್ಟಗಾಗಿತ್ತು, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಒಡೆದಿತ್ತು, ಹಿಡಿಕೆ ಅಲುಗಾಡುತ್ತಿತ್ತು. ಚಹಾ ಬಿಟ್ಟು ಬೇರೇನೂ ಕುಡಿಯದ ನಮ್ಮ ಓಣಿಯವರಿಗೆ ಇದೊಂದು ತಮಾಷೆಯಾಗಿಯೇ ಕಂಡಿತು.

ಅದು ಲಾ ಪವೋನಿ ಯೂರೋಪಿಕೋಲಾ. 1905ರಲ್ಲಿ ಮಿಲಾನ್ ನಗರದಲ್ಲಿ ಆರಂಭವಾದ ಆ ಕಂಪನಿ 1961ರಲ್ಲಿ ಮನೆಗಳಿಗೆಂದು ತಂದ ಮಾದರಿ. ಇದರಲ್ಲಿ ಪಂಪ್ ಇಲ್ಲ, ಸರ್ಕ್ಯೂಟ್ ಬೋರ್ಡ್ ಇಲ್ಲ. ಬಾಯ್ಲರಿನ, ಅಂದರೆ ನೀರು ಕಾಯುವ ಡಬ್ಬಿಯ, ಒತ್ತಡ ಸುಮಾರು 0.8 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದಷ್ಟು ಒತ್ತಡ) ಇದ್ದಾಗ ಒಳಗಿನ ನೀರು 117 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಿಡಿಕೆಯನ್ನು ಮೇಲೆತ್ತಿದಾಗ ಆ ನೀರು ಪಿಸ್ಟನ್ನಿನ ಕೆಳಗೆ ಬರುತ್ತದೆ, ಒತ್ತಿದಾಗ ಕಾಫಿಪುಡಿಯ ಮೂಲಕ ಇಳಿಯುತ್ತದೆ. ಎಸ್ಪ್ರೆಸೊಗೆ ಬೇಕಾದ 9 ಬಾರ್ ಒತ್ತಡವನ್ನು ಇಲ್ಲಿ ಕೊಡುವುದು ನಮ್ಮ ತೋಳು. ಇಷ್ಟು ಸರಳವಾದ ಯಂತ್ರವಾದ್ದರಿಂದಲೇ ದಶಕಗಳ ನಂತರವೂ ಅದನ್ನು ಬಿಚ್ಚಿ ಜೋಡಿಸಬಹುದು. ಇಂದಿನ ಗುಂಡಿ ಒತ್ತುವ ಯಂತ್ರಗಳಲ್ಲಿ ಬೋರ್ಡ್ ಸುಟ್ಟು, ಆ ಬೋರ್ಡ್ ತಯಾರಾಗುವುದೂ ನಿಂತಿತ್ತೆಂದರೆ, ಉಳಿದೆಲ್ಲ ಭಾಗಗಳು ಚೆನ್ನಾಗಿದ್ದರೂ ಗುಜರಿಯೇ ಗತಿ.

ಕೆಲಸ ಶುರುವಾಗಬೇಕಾದದ್ದು ವಿದ್ಯುತ್ತಿನಿಂದ. ನೀರಿಲ್ಲದೆ ಕಾಯಿಸಿದರೆ ಮೊದಲು ಸುಡುವುದು ಹೀಟರ್ ಕಾಯಿಲ್. ಒಂದು ಕಿಲೋವಾಟಿನ ಕಾಯಿಲ್ ಆಗಿದ್ದರೆ 230 ವೋಲ್ಟಿಗೆ ಅದರ ರೋಧ ಸುಮಾರು 53 ಓಮ್ ಬರಬೇಕು. ಮಲ್ಟಿಮೀಟರ್ ಇದ್ದವರು ಯಾರಾದರೂ ಇದನ್ನು ನೋಡಬಹುದು. ಆದರೆ ರೋಧ ಸರಿಯಿದ್ದ ಮಾತ್ರಕ್ಕೆ ಕಾಯಿಲ್ ಸುರಕ್ಷಿತವೆಂದು ತಿಳಿಯಬಾರದು. ಅದರ ಕೊಳವೆಯೊಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ವರ್ಷಗಟ್ಟಲೆ ಬಳಸದೆ ಇಟ್ಟಾಗ ಗಾಳಿಯ ತೇವ ಹೀರಿಕೊಂಡು, ಯಂತ್ರದ ಮೈಗೆ ಕರೆಂಟ್ ಸೋರುವಂತೆ ಮಾಡುತ್ತದೆ. ಸ್ವಿಚ್ ಹಾಕಿದೊಡನೆ ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದರೆ ಇದೂ ಒಂದು ಕಾರಣವಿರಬಹುದು. ಮೋಟಾರ್ ವೈಂಡಿಂಗ್ ಮಾಡುವವರ ಬಳಿ ಮೆಗ್ಗರ್ ಎಂಬ, ಇನ್ಸುಲೇಶನ್ ಪರೀಕ್ಷಿಸುವ ಮೀಟರ್ ಇರುತ್ತದೆ, ಅದರಿಂದ ನಿಜಾಂಶ ಗೊತ್ತಾಗುತ್ತದೆ. ಬರೀ ತೇವವಾದರೆ ಕಾಯಿಲನ್ನು ಹೊರತೆಗೆದು ನಿಧಾನವಾಗಿ ಬಿಸಿಯಲ್ಲಿ ಒಣಗಿಸಿದರೆ ಬಹುಪಾಲು ಸರಿಹೋಗುತ್ತದೆ. ಕೊಳವೆಯೇ ಬಿರಿದಿದ್ದರೆ ಹೊಸದೇ ಬೇಕು. ಅರ್ತಿಂಗ್ ತಂತಿ ಬಾಯ್ಲರಿನ ಮೈಗೆ ಗಟ್ಟಿಯಾಗಿ ಕೂತಿದೆಯೇ ಎಂಬುದನ್ನು ಕಣ್ಣಿನಿಂದಲೂ ಮೀಟರಿನಿಂದಲೂ ನೋಡಿಕೊಳ್ಳದೆ ಯಾರೂ ಪ್ಲಗ್ ಚುಚ್ಚಬಾರದು.

ಬಾಯ್ಲರಿನೊಳಗೆ ಸುಣ್ಣದ ಹಕ್ಕಳೆ ಕಟ್ಟಿರುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಂತೂ ಇದು ತಪ್ಪಿದ್ದಲ್ಲ. ಸಿಟ್ರಿಕ್ ಆ್ಯಸಿಡ್ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ತೆಳ್ಳಗೆ ಕರಗಿಸಿ ಹಾಕಿದರೆ ಅದು ಬಿಡುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಒಳ್ಳೆಯದೆಂದು ರಾತ್ರಿಯಿಡೀ ನೆನೆಹಾಕುವುದು ಮಾತ್ರ ಬೇಡ. ಆಮ್ಲವು ಹಿತ್ತಾಳೆಯಲ್ಲಿರುವ ಸತುವನ್ನು ಕರಗಿಸುತ್ತದೆ, ಲೋಹ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಾಗೆ ತಿರುಗಿದ ಹಿತ್ತಾಳೆಗೆ ಮೊದಲಿನ ಬಲವಿರುವುದಿಲ್ಲ.

ನಮ್ಮೂರಿನಲ್ಲಿ ಎಲ್ಲರೂ ಎಡವುವ ಸಾಧ್ಯತೆ ಇರುವುದು ಸೀಲಿನ, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆಯ, ವಿಷಯದಲ್ಲಿ. ಬೆಳಗಾವಿ ಫೌಂಡ್ರಿಗಳ, ಹೈಡ್ರಾಲಿಕ್ ಕೆಲಸದ ಊರಾದ್ದರಿಂದ ಯಾವ ಅಳತೆಯ ಸೀಲ್ ಕೇಳಿದರೂ ಇಲ್ಲೆಲ್ಲೋ ಸಿಕ್ಕೇ ಸಿಗುತ್ತದೆ. ಆದರೆ ಆ ಅಂಗಡಿಗಳ ಸಾಮಾನ್ಯ ಸೀಲ್ ನೈಟ್ರೈಲ್ ರಬ್ಬರಿನದು, ತೈಲಕ್ಕೆಂದು ಮಾಡಿದ್ದು. ಹಬೆಯ ಬಿಸಿಯಲ್ಲಿ ಅದು ಬೇಗ ಗಟ್ಟಿಯಾಗಿ ಬಿರಿಯುತ್ತದೆ, ಆಹಾರಕ್ಕೆ ತಕ್ಕದ್ದೆಂಬ ಖಾತ್ರಿಯೂ ಅದಕ್ಕಿರುವುದಿಲ್ಲ. ಬಿಸಿನೀರಿಗೂ ಹಬೆಗೂ ತಾಳುವುದು ಇಪಿಡಿಎಂ ಎಂಬ ಇನ್ನೊಂದು ಕೃತಕ ರಬ್ಬರ್. ಇದರ ಗುಣ ನೈಟ್ರೈಲಿಗೆ ತೀರ ತದ್ವಿರುದ್ಧ. ಖನಿಜ ತೈಲ ಸೋಕಿದರೆ ಉಬ್ಬಿಹೋಗುತ್ತದೆ. ಆದ್ದರಿಂದ ಗ್ಯಾರೇಜಿನ ಹಳದಿ ಗ್ರೀಸನ್ನು ದೂರವಿಟ್ಟು, ಆಹಾರದರ್ಜೆಯ ಸಿಲಿಕೋನ್ ಗ್ರೀಸನ್ನೇ ತೆಳ್ಳಗೆ ಸವರಬೇಕು. ಪಿಸ್ಟನ್ನಿನ ಸೀಲುಗಳ ತುಟಿ ಒತ್ತಡ ಬರುವ ಕಡೆಗೆ ಮುಖ ಮಾಡಿರಬೇಕು. ತಿರುವುಮುರುವಾಗಿ ಕೂರಿಸಿದರೆ ಹೊಸ ಸೀಲೂ ಸೋರುತ್ತದೆ. ಈ ಯಂತ್ರದ ಸೀಲುಗಳು ಇವತ್ತಿಗೂ ತಯಾರಾಗುತ್ತಿರುವುದರಿಂದ ಅವನ್ನೇ ತರಿಸಿಕೊಳ್ಳುವುದು ಒಳ್ಳೆಯದು.

ಲೋಹದ ಕೆಲಸಕ್ಕಾದರೋ ಎಲ್ಲಿಂದಲೂ ಏನನ್ನೂ ತರಿಸಬೇಕಿಲ್ಲ. ಹಿಡಿಕೆಯ ಪಿನ್ನು ಕೂರುವ ರಂಧ್ರ ಅಂಡಾಕಾರಕ್ಕೆ ಸವೆದಿದೆಯೆಂದು ತೋರಿಸಿದಾಗ ನಮ್ಮೂರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಟರ್ನರ್ (ಲೇಥ್ ಕೆಲಸದವರು) ಒಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದ್ರಾಗ ಏನೈತ್ರಿ ಸರ, ಒಂದ್ ಬುಷ್ ಹಾಕಿದ್ರ ಮುಗೀತು” ಎಂದರು. ಲೇಥಿನಲ್ಲಿ ಬುಷ್, ಅಂದರೆ ರಂಧ್ರದೊಳಗೆ ಕೂರುವ ಲೋಹದ ಬಳೆಯನ್ನು, ತಿರುಗಿಸಿ, ಪಿನ್ನನ್ನೂ ಹೊಸದಾಗಿ ಮಾಡಿಕೊಟ್ಟರು. ಒತ್ತಿದಾಗ ಹಿಡಿಕೆ ಈಗ ಪಕ್ಕಕ್ಕೆ ವಾಲುವುದಿಲ್ಲ. ಸೊಟ್ಟಗಾದ ತಳ ಉಕ್ಕಿನದು, ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಅದನ್ನು ನೇರಮಾಡಿ ಪೌಡರ್ ಕೋಟಿಂಗ್ ಮಾಡಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ, ಏಕೆಂದರೆ ತುಕ್ಕು ನಿಲ್ಲಬೇಕಾಗಿತ್ತು.

ಬಾಯ್ಲರಿನ ಹೊರಮೈ ಕ್ರೋಮಿನ ಮಾತು ಬೇರೆ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ. ಕ್ರೋಮ್ ಕಿತ್ತುಬಂದ ಜಾಗ ಕಪ್ಪಾದೀತು, ಅಷ್ಟೇ. ಹೊಸ ಪ್ಲೇಟಿಂಗ್ ಕೂರಬೇಕಾದರೆ ಹಳೆಯದನ್ನು ಪೂರ್ತಿ ತೆಗೆದು ಬಫಿಂಗ್ ಮಾಡಬೇಕು, ಅಂದರೆ ಲೋಹವನ್ನು ಉಜ್ಜಿ ನುಣುಪಾಗಿಸಬೇಕು. ಆ ಬಫಿಂಗಿನಲ್ಲಿ ಅಂಚುಗಳು ಉರುಟಾಗುತ್ತವೆ, ಕಂಪನಿಯ ಅಚ್ಚೊತ್ತು ಮಾಸುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಒತ್ತಡ ತಡೆಯಬೇಕಾದ ಗೋಡೆ ಅಷ್ಟರಮಟ್ಟಿಗೆ ತೆಳುವಾಗುತ್ತದೆ. ಚೆಂದಕ್ಕಾಗಿ ಬಲವನ್ನು ಕೊಟ್ಟುಬಿಡುವ ಈ ವ್ಯವಹಾರ ನನಗೆ ಒಗ್ಗುವುದಿಲ್ಲ. ಕಾಫಿ ತಾಗುವ ಒಳಭಾಗದಲ್ಲಿ ಲೇಪ ಚಕ್ಕೆಯೇಳುತ್ತಿದ್ದರೆ ಮಾತ್ರ ಅದನ್ನು ಬಿಡುವಂತಿಲ್ಲ, ಅಲ್ಲಿ ಖರ್ಚು ಮಾಡಲೇಬೇಕು.

ಎಲ್ಲ ಜೋಡಿಸಿದ ಮೇಲೆ ನೇರವಾಗಿ ಹಬೆ ಏರಿಸದೆ, ಮೊದಲು ಸೇಫ್ಟಿ ವಾಲ್ವ್ (ಒತ್ತಡ ಮಿತಿಮೀರಿದರೆ ಹಬೆಯನ್ನು ಹೊರಬಿಡುವ ಕವಾಟ) ಜಾಗಕ್ಕೆ ಬಿರಡೆ ಹಾಕಿ, ತಣ್ಣೀರು ಪೂರ್ತಿ ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು ಕೊಟ್ಟು ನೋಡಬೇಕು. ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ ಬೆಸುಗೆ ಬಿಟ್ಟರೂ ಹನಿ ಜಿನುಗುತ್ತದೆ, ಸಿಡಿಯುವುದಿಲ್ಲ. ಅದೇ ದೋಷ ಹಬೆಯಿದ್ದಾಗ ಹೊರಬಿದ್ದರೆ ಮುಖ ಸುಟ್ಟೀತು. ಆಮೇಲೆ ಬಿರಡೆ ತೆಗೆದು ವಾಲ್ವನ್ನು ಅದರ ಜಾಗದಲ್ಲಿ ಕೂರಿಸಬೇಕು. ಅದು ಹಳೆಯದಾಗಿ ಅಂಟಿಕೊಂಡಿದ್ದರೆ ಉಜ್ಜಿ ಬಳಸುವ ಉಳಿತಾಯ ಬೇಡ, ಹೊಸದನ್ನೇ ಹಾಕಿಸಿ. ಇಷ್ಟೆಲ್ಲ ಆದ ಮೇಲೂ ಕಿಸೆಯಲ್ಲಿ ದುಡ್ಡು ಉಳಿದು ಕ್ರೋಮಿನ ಆಸೆ ಹೋಗದಿದ್ದರೆ, ಕಪ್ಪಿನ ಕೆಳಗೆ ಹನಿ ಹಿಡಿಯುವ ಹನಿತಟ್ಟೆಗಷ್ಟೇ ಮಾಡಿಸಿಕೊಳ್ಳಿ ಎಂದು ಗೆಳೆಯರಿಗೆ ಹೇಳಿದ್ದೇನೆ.