ಗಾಡಿ ಮಾರಾಟ ನೋಡಿ ದೇಶದ ಆರ್ಥಿಕ ಸ್ಥಿತಿ ಹೇಳಬಹುದೇ?

ಪರ: ಬೈಕ್ ಕೌಂಟರ್‌ನಲ್ಲಿ ಎಲ್ಲವೂ ಗೊತ್ತಾಗುತ್ತೆ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಹನ್ನೊಂದು ವರ್ಷ ಬೈಕ್ ಷೋರೂಮಿನ ಕೌಂಟರ್‌ನಲ್ಲಿ ಕೂತವನು ನಾನು. ರೈತರ ಕೈಗೆ ಮೆಕ್ಕೆಜೋಳದ ದುಡ್ಡು ಬಂತೋ ಇಲ್ವೋ ಅಂತ ತಿಳಿಯೋಕೆ ನಾವು ಪೇಪರ್ ನೋಡುತ್ತಿರಲಿಲ್ಲ. ಸಂತೆ ದಿನ ಎಷ್ಟು ಜನ ಒಳಗೆ ಬಂದು "ಆನ್‌ರೋಡ್ ಎಷ್ಟಾಗುತ್ತೆ?" ಅಂತ ಕೇಳಿದರು, ಅಷ್ಟೇ ಸಾಕಾಗುತ್ತಿತ್ತು.

2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಮರುದಿನ ಬೆಳಿಗ್ಗೆ ಒಬ್ಬ ರೈತರು ಬಂದರು. ಮಗ ಕಾಲೇಜಿಗೆ ಓಡಾಡಲಿ ಅಂತ ಹಿಂದಿನ ವಾರವೇ ಕಪ್ಪು ಬೈಕ್ ಬುಕ್ ಮಾಡಿದ್ದರು. ಟವೆಲ್‌ನಲ್ಲಿ ಸುತ್ತಿ ತಂದಿದ್ದ ದುಡ್ಡನ್ನು ಕೌಂಟರ್ ಮೇಲೆ ಬಿಚ್ಚಿದರು. ಎಲ್ಲವೂ ಐನೂರು, ಸಾವಿರದ ನೋಟು. ತಗೊಳ್ಳೋಕೆ ಆಗಲ್ಲ ಅಂತ ನಾನೇ ಹೇಳಬೇಕಾಯಿತು. ಅವರು ಮಾತಾಡಲಿಲ್ಲ. ಟವೆಲ್ಲಿಗೆ ಮತ್ತೆ ಗಂಟು ಹಾಕಿ, ಬೈಕ್ ಸೀಟಿನ ಪ್ಲಾಸ್ಟಿಕ್ ಮೇಲೆ ಒಮ್ಮೆ ಕೈಯಾಡಿಸಿ ಹೋದರು. ಮುಂದಿನ ತಿಂಗಳು ನಮ್ಮ ಡೆಲಿವರಿ ಪುಸ್ತಕ ಅರ್ಧ ಪುಟಕ್ಕೇ ನಿಂತಿತು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಆ ಡಿಸೆಂಬರ್‌ನಲ್ಲಿ ದೇಶದಲ್ಲೇ ಬೈಕ್, ಸ್ಕೂಟರ್ ಮಾರಾಟ ಹಿಂದಿನ ವರ್ಷಕ್ಕಿಂತ ಸುಮಾರು 22% ಬಿತ್ತು. ಅಕ್ಟೋಬರ್‌ನಿಂದ ಆ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲಿ ಜಿಡಿಪಿ 7% ಬೆಳೆಯಿತು ಅಂತ ಸರ್ಕಾರದ ಲೆಕ್ಕ ಬಂದದ್ದು 2017ರ ಫೆಬ್ರುವರಿ 28ಕ್ಕೆ. ನಾನು ಯಾವುದನ್ನು ನಂಬಬೇಕು? ಆ ಟವೆಲ್ ನೋಡಿದವನು ನಾನು.

ನೋಂದಣಿ ಲೆಕ್ಕದ ಬಲ ಇರೋದೇ ಇಲ್ಲಿ. ಡೀಲರುಗಳ ಸಂಘ ಫಾಡಾ ಆರ್‌ಟಿಒ ದಾಖಲೆ ನೋಡಿ ತಿಂಗಳು ಮುಗಿದ ಕೆಲವೇ ದಿನಗಳಲ್ಲಿ ಸಂಖ್ಯೆ ಕೊಡುತ್ತದೆ. ಗಾಡಿ ಕಂಪನಿಗಳ ಸಂಘ ಸಿಯಾಮ್ ಕೊಡುವುದು ಕಂಪನಿಯಿಂದ ಡೀಲರಿಗೆ ಹೊರಟ ಗಾಡಿಗಳ ಲೆಕ್ಕ. ಅದು ಗೋಡೌನ್‌ನಲ್ಲಿ ಧೂಳು ತಿನ್ನುತ್ತಿದ್ದರೂ ಮಾರಾಟವೇ. ನಂಬರ್ ಬಿದ್ದ ಗಾಡಿ ಹಾಗಲ್ಲ. ಯಾರೋ ಒಬ್ಬರು ಡೌನ್‌ಪೇಮೆಂಟ್ ಕಟ್ಟಿ, ತೆರಿಗೆ ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮನೆಗೆ ಒಯ್ದಿರುತ್ತಾರೆ. ಮುಂದಿನ ಮೂರು ವರ್ಷ ಕಂತು ಕಟ್ಟಬಲ್ಲೆ ಅನ್ನೋ ಧೈರ್ಯ ಇಲ್ಲದೆ ಯಾರೂ ಆ ಕೆಲಸಕ್ಕೆ ಕೈ ಹಾಕಲ್ಲ.

ಆಷಾಢದಲ್ಲಿ ಯಾರೂ ಗಾಡಿ ಕೊಳ್ಳಲ್ಲ, ಹಾಗಾಗಿ ಈ ಲೆಕ್ಕವೇ ದಂಡ ಅನ್ನೋರಿದ್ದಾರೆ. ಆಷಾಢ ಪ್ರತಿ ವರ್ಷವೂ ಬರುತ್ತೆ ಅಲ್ವಾ? ಹೋದ ಆಷಾಢದ ಜೊತೆ ಈ ಆಷಾಢ ಹೋಲಿಸಿ ನೋಡಲಿ.

ವಿರೋಧ: ಗುಂಪು ಸೇರಿದ್ದಕ್ಕೆ ಕಾರಣ ಬೇರೆ ಇರಬಹುದು

ಈ ಪಕ್ಷ ವಹಿಸಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಗಾಡಿ ಲೆಕ್ಕ ಪೂರ್ತಿ ಸುಳ್ಳು ಅಂತ ನಾನೂ ಹೇಳಲ್ಲ. ಆದರೆ ಷೋರೂಮ್ ತುಂಬಿದ ಮಾತ್ರಕ್ಕೆ ಜೇಬು ತುಂಬಿದೆ ಅನ್ನೋದು ಆತುರದ ಮಾತು.

2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್-3 (ಹಳೇ ಹೊಗೆ ನಿಯಮದ) ಗಾಡಿ ಮಾರುವಂತಿಲ್ಲ ಎಂದಿತು. ಕಂಪನಿಗಳು ಸಾವಿರಾರು ರೂಪಾಯಿ ರಿಯಾಯಿತಿ ಕೊಟ್ಟವು. ಎರಡೇ ದಿನ ಜನ ಮುಗಿಬಿದ್ದರು. ಆ ಎರಡು ದಿನದಲ್ಲಿ ಯಾರ ಸಂಬಳ ಜಾಸ್ತಿಯಾಗಿತ್ತು? 2025ರಲ್ಲಿ ಇದು ತಿರುಗಾಮುರುಗಾ ಆಯಿತು. ತೆರಿಗೆ ಇಳಿಯುತ್ತೆ ಅಂತ ಆಗಸ್ಟ್ 15ಕ್ಕೆ ಸುದ್ದಿ ಬಂತು, ಜನ ಸುಮ್ನೆ ಕಾದರು. ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರು, 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ 28ರಿಂದ 18%ಕ್ಕೆ ಇಳಿಯಿತು, ಅಂದೇ ನವರಾತ್ರಿ ಶುರು. ಕಾದವರೆಲ್ಲ ಒಟ್ಟಿಗೆ ಬಂದರು.

ಇನ್ನೊಂದು ವಿಷಯ. 2018-19ರಲ್ಲಿ ದೇಶದಲ್ಲಿ ಸುಮಾರು 34 ಲಕ್ಷ ಕಾರು ಮಾರಾಟವಾಗಿದ್ದವು, 2024-25ರಲ್ಲಿ 43 ಲಕ್ಷ. ಅದೇ ಅವಧಿಯಲ್ಲಿ ಬೈಕ್, ಸ್ಕೂಟರ್ 2.12 ಕೋಟಿಯಿಂದ 1.96 ಕೋಟಿಗೆ ಇಳಿದವು. ಕಾರು ನೋಡಿದವರು ದೇಶ ಚೆನ್ನಾಗಿದೆ ಅಂತಾರೆ, ಬೈಕ್ ನೋಡಿದವರು ಇಲ್ಲ ಅಂತಾರೆ. ಹಳೇ ಗಾಡಿ ಕೊಂಡವರು ಹೊಸ ನೋಂದಣಿ ಲೆಕ್ಕಕ್ಕೇ ಸಿಗಲ್ಲ. ಇನ್ನು ಅಂಗಡಿ ವ್ಯಾಪಾರ ನೋಡೋಣ ಅಂದರೆ, ಅಮೆರಿಕದಲ್ಲಿ ಇರುವ ಹಾಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಚಿಲ್ಲರೆ ಮಾರಾಟದ ಸಂಖ್ಯೆ ನಮ್ಮಲ್ಲಿ ಇಲ್ಲ.

ಬೈಕಿನ ವಿಷಯದಲ್ಲಿ ಮಾತ್ರ ಎದುರಿನವರ ಜೊತೆ ನನಗೆ ಅಷ್ಟು ಜಗಳವಿಲ್ಲ.