ಕೈಪೆಡಲಿನ ಗಾಡಿಗೆ ಮೋಟಾರು ಕಿಟ್: ವ್ಯಾಟ್ ಕೇಳುವ ಮೊದಲು

ಕೈಯಿಂದ ಪೆಡಲು ತಿರುಗಿಸಿ ಓಡಿಸುವ ತ್ರಿಚಕ್ರ ಸೈಕಲ್ಲಿಗೆ ವಿದ್ಯುತ್ ಮೋಟಾರು ಕೂರಿಸಿಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು; ಅಂಗಡಿಯವರು ಮೊದಲು ಹೇಳುವುದು ಗಾಡಿ ಎಷ್ಟು ವೇಗವಾಗಿ ಓಡುತ್ತದೆ ಎಂದು. ಹಲವು ವರ್ಷಗಳಿಂದ ಇಂತಹ ಗಾಡಿಯಲ್ಲೇ ಧಾರವಾಡದ ಏರಿಳಿತಗಳನ್ನು ದಾಟುತ್ತಿರುವ ನನ್ನ ಅಭಿಪ್ರಾಯದಲ್ಲಿ ಇವೆರಡೂ ಕಟ್ಟಕಡೆಗೆ ವಿಚಾರಿಸಬೇಕಾದ ಸಂಗತಿಗಳು. ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಅದನ್ನು ಮೊದಲು ಬ್ರೇಕಿಗೆ, ಅನಂತರ ಬ್ಯಾಟರಿಗೆ, ಮಿಕ್ಕಿದ್ದನ್ನು ಮೋಟಾರಿಗೆ ಹಾಕಬೇಕು. ಮಾರುಕಟ್ಟೆಯಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ.

ಸಿದ್ಧ ಸಾಧನಗಳು ಇಲ್ಲವೆಂದಲ್ಲ. ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೋಮೋಷನ್ ಸಂಸ್ಥೆಯು ಗಾಲಿಕುರ್ಚಿಯ ಮುಂಭಾಗಕ್ಕೆ ಜೋಡಿಸುವ ‘ನಿಯೋಬೋಲ್ಟ್’ ಎಂಬ ಮೋಟಾರು ಘಟಕವನ್ನು 2021ರಲ್ಲಿ ಮಾರುಕಟ್ಟೆಗೆ ತಂದಾಗ ಅದರ ಬೆಲೆ 55,000 ರೂಪಾಯಿ ಇತ್ತು. ಅದು ಜೋಡಣೆಗೊಳ್ಳುವ ‘ನಿಯೋಫ್ಲೈ’ ಗಾಲಿಕುರ್ಚಿಗೆ ಆಗ ಮತ್ತೆ 39,900 ರೂಪಾಯಿ. ಒಳ್ಳೆಯ ಸಾಧನವೆಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಎರಡೂ ಸೇರಿ ಆಗಲೇ ಲಕ್ಷದ ಹತ್ತಿರಕ್ಕೆ ಹೋಗುತ್ತಿತ್ತು. ವಿಕಲಚೇತನರಿಗೆ ನೆರವಿನ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಡಿ ಕಾನ್ಪುರದ ಅಲಿಮ್ಕೋ ಸಂಸ್ಥೆ ತಯಾರಿಸುವ ಮೋಟಾರು ತ್ರಿಚಕ್ರ ಗಾಡಿಯೂ, ನಮ್ಮ ರಾಜ್ಯದ ವಿಕಲಚೇತನರ ಇಲಾಖೆಯ ಯಂತ್ರಚಾಲಿತ ದ್ವಿಚಕ್ರ ವಾಹನವೂ ಇವೆ. ಅರ್ಹತೆಯ ಷರತ್ತುಗಳನ್ನು ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿ ಕೇಳಿ ತಿಳಿದುಕೊಂಡು ಮೊದಲು ಅಲ್ಲಿ ಅರ್ಜಿ ಹಾಕುವುದೇ ಜಾಣತನ. ಆ ಷರತ್ತುಗಳಿಗೆ ಒಳಪಡದವರು, ಪಟ್ಟಿಯಲ್ಲಿ ಹೆಸರು ಬರುವವರೆಗೆ ಕಾಯಲಾಗದವರು, ಮನೆಯಲ್ಲಿ ಈಗಾಗಲೇ ಗಟ್ಟಿಮುಟ್ಟಾದ ಕೈಪೆಡಲಿನ ಗಾಡಿ ಇರುವವರು ಕಿಟ್ ಹುಡುಕುತ್ತಾರೆ. ಈ ಬರಹ ಅವರಿಗಾಗಿ.

ಬ್ರೇಕು ಮೊದಲು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ದ್ವಿಚಕ್ರ ವಾಹನದವರು ಏರಿನಲ್ಲಿ ನಿಲ್ಲಬೇಕಾದರೆ ಕಾಲೂರುತ್ತಾರೆ. ನಮಗೆ ಆ ಅನುಕೂಲವಿಲ್ಲ. ಏರಿನ ನಡುವೆ ಬಸ್ಸೊಂದು ಅಡ್ಡ ಬಂದು ನಿಂತರೆ ಗಾಡಿ ಹಿಂದಕ್ಕೆ ಉರುಳದಂತೆ ಹಿಡಿಯುವುದು ಬ್ರೇಕೊಂದೇ, ಅದನ್ನು ಹಿಡಿದುಕೊಂಡೇ ಮತ್ತೆ ಹೊರಡಲು ಪೆಡಲನ್ನೋ ಆಕ್ಸಿಲರೇಟರನ್ನೋ ಮುಟ್ಟಬೇಕಾದದ್ದೂ ಅದೇ ಕೈ. ಆದ್ದರಿಂದ ಎಳೆದರೆ ಹಾಗೆಯೇ ಕಚ್ಚಿ ನಿಲ್ಲುವ, ಕೈಬಿಟ್ಟರೂ ಬಿಡದ ಪಾರ್ಕಿಂಗ್ ಬ್ರೇಕು ಇಲ್ಲದ ಗಾಡಿಗೆ ಮೋಟಾರು ಕೂರಿಸಲೇಬಾರದು. ನಾನು ಕಂಡ ಬಹುತೇಕ ಗಾಡಿಗಳಲ್ಲಿ ಇರುವುದು ಒಂದೇ ಚಕ್ರದ ರಿಮ್ಮನ್ನು ಒತ್ತುವ ಸಾದಾ ಬ್ರೇಕು. ಮಳೆಗಾಲದಲ್ಲಿ ರಿಮ್ಮು ಒದ್ದೆಯಾದರೆ ಅದು ಹಿಡಿಯುವುದೇ ಕಡಿಮೆ. ಹಿಂದಿನ ಎರಡು ಚಕ್ರಗಳಲ್ಲಿ ಒಂದಕ್ಕಾದರೂ ಡ್ರಮ್ ಅಥವಾ ಡಿಸ್ಕ್ ಬ್ರೇಕು ಹಾಕಿಸಿ, ಬ್ರೇಕಿನ ಹಿಡಿ ಎಳೆದ ಕ್ಷಣವೇ ಮೋಟಾರಿಗೆ ಕರೆಂಟು ನಿಲ್ಲಿಸುವ ಕಟಾಫ್ ಸ್ವಿಚ್ಚನ್ನು ಕೂರಿಸುವುದು ಕಿಟ್ಟಿನ ಬೆಲೆಗೆ ಹೋಲಿಸಿದರೆ ಸಣ್ಣ ಖರ್ಚು.

ವೇಗದ ಮೋಹವೂ ಇದಕ್ಕೆ ಅಂಟಿಕೊಂಡ ಸಮಸ್ಯೆ. ನಮ್ಮ ಗಾಡಿಗಳಲ್ಲಿ ಆಸನ ಎತ್ತರದಲ್ಲಿದ್ದು ಎರಡು ಹಿಂಚಕ್ರಗಳ ನಡುವಿನ ಅಗಲ ಕಡಿಮೆ. ಬೈಕಿನಂತೆ ತಿರುವಿನಲ್ಲಿ ಒಳಕ್ಕೆ ವಾಲುವ ಅವಕಾಶವೂ ಇಲ್ಲ. ವೇಗ ಇಮ್ಮಡಿಯಾದರೆ ಉರುಳದೆ ತಿರುಗಲು ಬೇಕಾದ ತಿರುವು ನಾಲ್ಕು ಪಟ್ಟು ವಿಶಾಲವಾಗಬೇಕು, ನಿಲ್ಲಲು ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿಯೂ ನಾಲ್ಕು ಪಟ್ಟು. ಸಾಮಾನ್ಯ ಅಳತೆಯ ಗಾಡಿಗೆ ನಾನು ಲೆಕ್ಕ ಹಾಕಿ ನೋಡಿದಂತೆ, ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ನಾಲ್ಕು ಮೀಟರ್ ತ್ರಿಜ್ಯದ ಓಣಿ ತಿರುವನ್ನು ದಾಟಬಹುದಾದ ಗಾಡಿಗೆ 25 ಕಿಲೋಮೀಟರ್ ವೇಗದಲ್ಲಿ 16 ಮೀಟರಿಗೂ ಹೆಚ್ಚು ತ್ರಿಜ್ಯ ಬೇಕು. ನಮ್ಮ ಪೇಟೆಯ ಬೀದಿಗಳಲ್ಲಿ ಅಷ್ಟು ಜಾಗವೆಲ್ಲಿದೆ? ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರಿನಲ್ಲಿ ಗರಿಷ್ಠ ವೇಗವನ್ನು 12ರಿಂದ 15 ಕಿಲೋಮೀಟರಿಗೆ ಬಿಗಿಮಾಡುವ ಸೌಲಭ್ಯವಿದೆಯೇ ಎಂದು ಕೇಳಿ. ಇಲ್ಲವೆಂದರೆ ಆ ಕಿಟ್ ಬೇಡ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ 30 ನಿಮಿಷಗಳ ಸಾಮರ್ಥ್ಯ (ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ) 250 ವ್ಯಾಟಿಗಿಂತಲೂ ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯೆಂದು ಅಧಿಕೃತ ಪರೀಕ್ಷಾ ಸಂಸ್ಥೆ ದೃಢಪಡಿಸಿದ ಬ್ಯಾಟರಿ ವಾಹನವು ನೋಂದಣಿ ಬೇಕಾದ ಮೋಟಾರು ವಾಹನವೆನಿಸುವುದಿಲ್ಲ. 500 ವ್ಯಾಟಿನ ಕಿಟ್ಟನ್ನು ‘ಯಾರೂ ಕೇಳುವುದಿಲ್ಲ ಸಾರ್’ ಎಂದು ಮಾರುವವರಿದ್ದಾರೆ. ಯಾರಿಗಾದರೂ ಗಾಡಿ ತಗುಲಿದ ದಿನ ಖಂಡಿತ ಕೇಳುತ್ತಾರೆ.

250 ವ್ಯಾಟಿನೊಳಗಿನ ಮೋಟಾರು ಸಾಕಾಗುತ್ತದೆಯೇ ಎಂಬ ಅನುಮಾನ ಸಹಜ. ಸವಾರ, ಗಾಡಿ, ಬ್ಯಾಟರಿ, ಒಂದು ಚೀಲ ಎಲ್ಲ ಸೇರಿ 120 ಕಿಲೋ ಎಂದಿಟ್ಟುಕೊಳ್ಳೋಣ. 20 ಮೀಟರ್ ಮುಂದೆ ಸಾಗಿದರೆ ಒಂದು ಮೀಟರ್ ಮೇಲೇರುವ ರಸ್ತೆಯಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹೋಗಲು ಚಕ್ರದಲ್ಲಿ ಬೇಕಾಗುವುದು ಸುಮಾರು 170 ವ್ಯಾಟ್. 12 ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ರಸ್ತೆಯಲ್ಲಿಯೂ ವೇಗವನ್ನು 6ಕ್ಕೆ ಇಳಿಸಿಕೊಂಡರೆ 200 ವ್ಯಾಟಿನೊಳಗೇ ಕೆಲಸ ಸಾಗುತ್ತದೆ, ಜೊತೆಗೆ ನಮ್ಮ ಕೈಗಳೂ ಸ್ವಲ್ಪ ಕೊಡುತ್ತವೆ. ಕೊರತೆ ಬೀಳುವುದು ವ್ಯಾಟಿನಲ್ಲಲ್ಲ, ನಿಧಾನ ವೇಗದಲ್ಲಿ ಚಕ್ರವನ್ನು ತಿರುಗಿಸುವ ಬಲದಲ್ಲಿ, ಅಂದರೆ ಟಾರ್ಕಿನಲ್ಲಿ. ಅದೇ ಕಡಿದಾದ ಏರಿಗೆ 20 ಇಂಚಿನ ಚಕ್ರದಲ್ಲಿ ಸುಮಾರು 29 ನ್ಯೂಟನ್ ಮೀಟರ್ ಸಾಕು, 26 ಇಂಚಿನ ಚಕ್ರದಲ್ಲಿ 38 ಬೇಕು. ಹೀಗಾಗಿ ಮೋಟಾರು ಕೂರುವ ಚಕ್ರ ಚಿಕ್ಕದಾದಷ್ಟೂ ಅಗ್ಗದ ಮೋಟಾರು ಚೆನ್ನಾಗಿ ಏರುತ್ತದೆ. 26 ಇಂಚಿನ ಚಕ್ರಕ್ಕೆಂದು ನಿಮಿಷಕ್ಕೆ 200 ಸುತ್ತಿನ ಆಸುಪಾಸಿನಲ್ಲಿ ತಯಾರಾದ ಹಬ್ ಮೋಟಾರನ್ನು (ಚಕ್ರದ ನಡುಗುಂಬದೊಳಗೇ ಇರುವ ಮೋಟಾರು) 20 ಇಂಚಿನ ಚಕ್ರದಲ್ಲಿ ಕೂರಿಸಿದರೆ ಗರಿಷ್ಠ ವೇಗ 25ರಿಂದ 19ಕ್ಕೆ ಇಳಿಯುತ್ತದೆ, ಏರಿನ ಬಲ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ನಮಗೆ ಬೇಕಾದದ್ದೇ ಅದು. ವೇಗಕ್ಕೆಂದು ಮಾಡಿದ ಮೋಟಾರನ್ನು ಏರಿನಲ್ಲಿ ತೆವಳಿಸಿದರೆ ಕರೆಂಟಿನ ದೊಡ್ಡ ಪಾಲು ಶಾಖವಾಗಿ ಸುರುಳಿಯನ್ನು ಸುಡುತ್ತದೆ.

ಯಾವ ಚಕ್ರಕ್ಕೆ ಎಂಬುದರಲ್ಲಿ ನನ್ನ ನಿಲುವು ಖಚಿತ. ಮುಂಚಕ್ರದ ಹಬ್ ಮೋಟಾರು ಕೂರಿಸುವುದು ಸುಲಭ, ಅದಕ್ಕೇ ಅಂಗಡಿಯವರು ಅದನ್ನೇ ಮುಂದಿಡುತ್ತಾರೆ. ಆದರೆ ಗಾಡಿಯ ಭಾರದ ಹೆಚ್ಚಿನ ಪಾಲು ಹಿಂದಿನ ಎರಡು ಚಕ್ರಗಳ ಮೇಲಿರುತ್ತದೆ, ಏರಿನಲ್ಲಿ ಮುಂಚಕ್ರ ಇನ್ನಷ್ಟು ಹಗುರಾಗುತ್ತದೆ. ಡಾಂಬರಿನ ಮೇಲೆ ಇದು ಗೊತ್ತಾಗುವುದಿಲ್ಲ. ಕಡಿ ಎದ್ದ ರಸ್ತೆಯಲ್ಲಿ, ಎರೆಮಣ್ಣಿನ ಕೆಸರಿನಲ್ಲಿ ಚಕ್ರ ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ನಗರದೊಳಗೆ ಮಾತ್ರ ಓಡಾಡುವವರಿಗೆ ಮುಂಚಕ್ರದ ಕಿಟ್ ನಡೆಯುತ್ತದೆ. ಹಳ್ಳಿಯ ರಸ್ತೆಯವರು ಹಿಂಚಕ್ರಕ್ಕೆ ಚೈನಿನ ಮೂಲಕ ಬಲ ಕೊಡುವ ವ್ಯವಸ್ಥೆಯನ್ನೇ ಆರಿಸಿಕೊಳ್ಳಬೇಕು. ಅದಕ್ಕೆ ‘ಎಂವೈ1016ಝಡ್’ ಎಂಬ ಹೆಸರಿನಲ್ಲಿ ಎಲ್ಲೆಡೆ ಸಿಗುವ 24 ವೋಲ್ಟ್, 250 ವ್ಯಾಟಿನ ಗೇರ್ ಮೋಟಾರು ನನ್ನ ಮೆಚ್ಚಿನದು. ಕಾರ್ಬನ್ ಬ್ರಶ್ಶಿನ ಹಳೆಯ ಮಾದರಿಯ ಮೋಟಾರದು, ಸದ್ದು ಮಾಡುತ್ತದೆ, ಹಬ್ ಮೋಟಾರಿನಷ್ಟು ನಾಜೂಕಿಲ್ಲ. ಆದರೆ ಬ್ರಶ್ಶು ಸವೆದರೆ ಮೋಟಾರು ರಿವೈಂಡಿಂಗ್ ಮಾಡುವ ಯಾವ ಅಂಗಡಿಯವರೂ ಬದಲಾಯಿಸಿ ಕೊಡುತ್ತಾರೆ, ಮೋಟಾರಿನ 9 ಹಲ್ಲಿಗೆ ಗಾಡಿಯ ಚಕ್ರದ ಬಳಿ 36 ಹಲ್ಲಿನ ಚೈನ್ ಚಕ್ರ ಜೋಡಿಸಿದರೆ ಟಾರ್ಕ್ ನಾಲ್ಕು ಪಟ್ಟಾಗುತ್ತದೆ. ಹಬ್ ಮೋಟಾರಿನಲ್ಲಿ ಹೀಗೆ ಹಲ್ಲು ಬದಲಿಸಿ ನೋಡುವ ಅವಕಾಶವೇ ಇಲ್ಲ.

ಒರಗಿ ಕುಳಿತು ಓಡಿಸುವ ಕ್ರೀಡಾ ಮಾದರಿಯ ಹ್ಯಾಂಡ್‌ಸೈಕಲ್ ಇರುವ ಕೆಲವರಿಗೆ ಒಂದು ಮಾತು: ಅವುಗಳ ಮುಂಚಕ್ರದಲ್ಲೇ ಗೇರಿನ ಹಲ್ಲುಗಳಿರುವುದರಿಂದ ಅನೇಕ ಮಾದರಿಗಳಲ್ಲಿ ಚಕ್ರವನ್ನು ಹಿಡಿಯುವ ಫೋರ್ಕಿನ ಅಗಲ ಸಾಮಾನ್ಯ ಮುಂಚಕ್ರದ 100 ಮಿಲಿಮೀಟರ್ ಅಲ್ಲ, ಹಿಂಚಕ್ರದ 135 ಮಿಲಿಮೀಟರ್. ಅಳೆದು ನೋಡದೆ ‘ಮುಂಚಕ್ರದ ಕಿಟ್’ ತರಿಸಿದರೆ ಅದು ಕೂರುವುದಿಲ್ಲ.

ಇನ್ನು ಬ್ಯಾಟರಿ. ಕಿಟ್ಟಿನ ಜೊತೆ ಅಗ್ಗವಾಗಿ ಕೊಡುವುದು 12 ವೋಲ್ಟಿನ ಎರಡು ಸೀಸದ ಬ್ಯಾಟರಿಗಳನ್ನು. 12 ಎಎಚ್‌ನ (ಆಂಪಿಯರ್ ಅವರ್) ಜೋಡಿಯಲ್ಲಿ ಕಾಗದದ ಮೇಲೆ 288 ವ್ಯಾಟ್ ಅವರ್ ಇರುತ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಅದರ ಆಯುಷ್ಯ ಬೇಗ ಕರಗುತ್ತದೆ. ನಮ್ಮ ಗಾಡಿ ಸಮತಟ್ಟಿನಲ್ಲಿ ಕಿಲೋಮೀಟರಿಗೆ ಸುಮಾರು 11 ವ್ಯಾಟ್ ಅವರ್ ತಿನ್ನುತ್ತದೆಂದು ಲೆಕ್ಕ ಹಿಡಿದರೆ ನೆಮ್ಮದಿಯಿಂದ ಸಾಗುವ ದೂರ 13 ಕಿಲೋಮೀಟರ್ ಮಾತ್ರ. ತೂಕದಲ್ಲಿ ಸೀಸದ ಅರ್ಧಕ್ಕೂ ಕಡಿಮೆಯಿರುವ 36 ವೋಲ್ಟ್, 10 ಎಎಚ್‌ನ ಲಿಥಿಯಂ ಬ್ಯಾಟರಿ ಅದರ ಇಮ್ಮಡಿ ದೂರ ಒಯ್ಯುತ್ತದೆ. ಲಿಥಿಯಂನಲ್ಲೂ ಫಾಸ್ಫೇಟ್ ಮಾದರಿ, ಅಂದರೆ ಎಲ್‌ಎಫ್‌ಪಿ, ಸ್ವಲ್ಪ ಭಾರವಾದರೂ ಕಾವಿಗೆ ಹೆಚ್ಚು ತಾಳುತ್ತದೆ, ಹೆಚ್ಚು ಬಾರಿ ಚಾರ್ಜಿಗೆ ಬಾಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಕಡೆಯವರು ಇದನ್ನೇ ಕೊಳ್ಳಲಿ ಎಂಬುದು ನನ್ನ ಒತ್ತಾಯ. 24 ವೋಲ್ಟಿನ ಮೋಟಾರಿಗೆ ಎಂಟು ಸೆಲ್ಲಿನ, 25.6 ವೋಲ್ಟಿನ ಎಲ್‌ಎಫ್‌ಪಿ ಸರಿಹೊಂದುತ್ತದೆ.

ಬ್ಯಾಟರಿ ಕೊಳ್ಳುವಾಗ ಒಳಗಿದ್ದು ಸೆಲ್ಲುಗಳನ್ನು ಕಾಯುವ ಬಿಎಂಎಸ್ ಫಲಕ ನಿರಂತರವಾಗಿ ಎಷ್ಟು ಆಂಪಿಯರ್ ಕೊಡುತ್ತದೆ ಎಂದು ಬರೆಸಿಕೊಳ್ಳಿ. ಕಂಟ್ರೋಲರ್ 15 ಆಂಪಿಯರಿನದಾದರೆ ಫಲಕ 20ರದಾದರೂ ಇರಬೇಕು, ಇಲ್ಲವಾದರೆ ಏರಿನ ನಡುವೆಯೇ ಅದು ಕರೆಂಟು ಕಡಿಯುತ್ತದೆ. 36 ವೋಲ್ಟಿನ ಸಾಮಾನ್ಯ ಲಿಥಿಯಂ 42 ವೋಲ್ಟಿಗೆ ತುಂಬುತ್ತದೆ, 12 ಸೆಲ್ಲಿನ ಎಲ್‌ಎಫ್‌ಪಿ 43.8ಕ್ಕೆ. ಪಿನ್ನು ಒಂದೇ ಎಂದು ಒಂದರ ಚಾರ್ಜರನ್ನು ಇನ್ನೊಂದಕ್ಕೆ ಚುಚ್ಚುವುದು ಬೆಂಕಿಯೊಡನೆ ಸರಸ. ಹಾಸಿಗೆಯ ಪಕ್ಕದಲ್ಲಿ, ರಾತ್ರಿ ಮಲಗಿದಾಗ ಚಾರ್ಜಿಗೆ ಹಾಕುವ ಅಭ್ಯಾಸವನ್ನಂತೂ ನಮ್ಮಂಥವರು ಬಿಡಲೇಬೇಕು. ಹೊಗೆ ಎದ್ದರೆ ಥಟ್ಟನೆ ಎದ್ದು ಹೊರಗೋಡುವ ದೇಹ ನಮ್ಮದಲ್ಲ.

ಬ್ಯಾಟರಿ ನಡುದಾರಿಯಲ್ಲಿ ಕೈಕೊಟ್ಟಾಗ ಇಳಿದು ತಳ್ಳಿಕೊಂಡು ಹೋಗುವವರೂ ನಾವಲ್ಲ. ಆದ್ದರಿಂದ ಮೋಟಾರು ಕೂರಿಸಲು ಕೈಪೆಡಲಿನ ಚೈನನ್ನೇ ಕಿತ್ತುಹಾಕುವ ಜೋಡಣೆಯನ್ನು, ಅದು ಎಷ್ಟೇ ಅಗ್ಗವಾಗಿರಲಿ, ನಾನು ಒಪ್ಪುವುದಿಲ್ಲ. ಮೋಟಾರು ನಿಂತಾಗ ಚಕ್ರ ಹಗುರವಾಗಿ ತಿರುಗಬೇಕು. ಗೇರಿನ ಹಬ್ ಮೋಟಾರಿನ ಒಳಗೆ, ಮೋಟಾರು ನಿಂತರೂ ಚಕ್ರವನ್ನು ತಿರುಗಲು ಬಿಡುವ ಫ್ರೀವೀಲ್ ಇರುವುದರಿಂದ ಅದು ಅಡ್ಡಿ ಮಾಡುವುದಿಲ್ಲ. ಗೇರಿಲ್ಲದ ಹಬ್ ಮೋಟಾರು ಭಾರವೂ ಹೌದು, ಆಫ್ ಆದಾಗ ಆಯಸ್ಕಾಂತದ ಎಳೆತವೂ ಇರುತ್ತದೆ. ಚೈನಿನ ಮೋಟಾರಿಗಾದರೆ ಫ್ರೀವೀಲನ್ನು ಬೇರೆಯಾಗಿ ಕೂರಿಸಲು ಹೇಳಬೇಕು. ಪೂರ್ತಿ ಮೋಟಾರಿಗೇ ಬಿಡದೆ ಸಮತಟ್ಟಿನಲ್ಲಿ ಪೆಡಲು ತಿರುಗಿಸಿ, ಏರಿನಲ್ಲಿ ಮೋಟಾರಿನ ನೆರವು ಪಡೆದರೆ ಭುಜದ ಕೀಲುಗಳೂ ಉಳಿಯುತ್ತವೆ, ಬ್ಯಾಟರಿಯೂ ದೂರ ಬರುತ್ತದೆ.

ನೆರವನ್ನು ಕರೆಯುವ ಬಗೆ ಕೈಯ ಶಕ್ತಿಯನ್ನು ಅವಲಂಬಿಸಿದೆ. ಪೆಡಲು ತಿರುಗಿದ್ದನ್ನು ಗುರುತಿಸಿ ಮೋಟಾರನ್ನು ಚಾಲೂ ಮಾಡುವ ಸೆನ್ಸರು ಬೆರಳಿನ ಹಿಡಿತ ಕಡಿಮೆಯಿರುವವರಿಗೆ ವರವಾದರೂ, ನಿಂತ ಗಾಡಿಯನ್ನು ಏರಿನಲ್ಲಿ ಹೊರಡಿಸುವಾಗ ಮೊದಲ ಅರ್ಧ ಸುತ್ತಿಗೆ ನಿಮ್ಮದೇ ಬಲ ಬೇಕು. ಹೆಬ್ಬೆರಳಿನ ಆಕ್ಸಿಲರೇಟರನ್ನು ತಿರುಗುವ ಪೆಡಲಿನ ಹಿಡಿಯ ಮೇಲೆ ಕೂರಿಸಿದರೆ ಪ್ರತಿ ಸುತ್ತಿಗೂ ಬಾಗುವ ವೈರು ಬೇಗ ತುಂಡಾಗುತ್ತದೆ. ಅದರ ಜಾಗ ಕದಲದ ಚೌಕಟ್ಟಿನ ಮೇಲೆ, ಬ್ರೇಕಿನ ಹಿಡಿಗೆ ಸಮೀಪ. ಎರಡೂ ಇರುವ ಕಂಟ್ರೋಲರಿಗೆ ಹೆಚ್ಚು ಬೆಲೆಯೇನೂ ಆಗುವುದಿಲ್ಲ.

ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನಿನಲ್ಲೋ ತರಿಸಿಕೊಳ್ಳಬಹುದು, ಆದರೆ ಜೋಡಿಸುವವರು ನಿಮ್ಮೂರಿನ ವೆಲ್ಡಿಂಗ್ ಅಂಗಡಿಯವರೇ ಆಗಿದ್ದರೆ ಒಳ್ಳೆಯದು. ಹಬ್ ಮೋಟಾರಾದರೆ ಅಚ್ಚು ಫೋರ್ಕಿನಿಂದ ತಿರುಚಿಕೊಂಡು ಹೊರಬರದಂತೆ ತಡೆಯುವ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಕಡ್ಡಾಯವಾಗಿ ಹಾಕಿಸಿ. ಪೂರ್ತಿ ಹಣ ಕೊಡುವ ಮೊದಲು, ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ, ನೀವೇ ಕುಳಿತು, ನಿಮ್ಮ ಬಡಾವಣೆಯ ಅತಿ ಕಡಿದಾದ ಏರಿನ ನಡುವೆ ಗಾಡಿಯನ್ನು ನಿಲ್ಲಿಸಿ, ಮತ್ತೆ ಹೊರಡಿಸಿ, ಇಳಿಜಾರಿನಲ್ಲಿ ಬ್ರೇಕು ಹಿಡಿದು ನೋಡಿ. ಅಂಗಡಿಯ ಮುಂದಿನ ಸಮತಟ್ಟಿನಲ್ಲೇ ಸುತ್ತಿಸಿ ರಸೀದಿ ಬರೆಯಲು ಕೂರುವವರಿಗೆ ಮುಂಗಡದ ಮೇಲೆ ಒಂದು ರೂಪಾಯಿಯನ್ನೂ ಕೊಡಬೇಡಿ.